ಖದೀಜಕ್ಕನ ಕಾವಲುಗಾರ

ಅಲ್ಲಾಡುವ ವಸ್ತು ಕಂಡರೆ ಚಲುವರಾಜುವಿನ ಕೈ ಸುಮ್ಮನಿರುವುದಿಲ್ಲ. ಹೋಟೆಲಿನಲ್ಲಿ ಮೇಜು ಒಂದಿಷ್ಟು ಕುಂಟಿದರೆ ಸಾಕು, ಮಾಣಿ ನೀರು ತಂದಿಡುವುದರೊಳಗೆ ಈ ಮಹಾರಾಯ ಟಿಶ್ಯೂ ಕಾಗದ ಮಡಚಿ ಅದರ ಕಾಲಿನಡಿಗೆ ತುರುಕಿ ಆಗಿರುತ್ತದೆ. ಮದ್ದೂರು ಕಡೆಯವನು, ಮಸ್ಕತ್ತಿನ ಒಂದು ಲಿಫ್ಟ್ ಕಂಪನಿಯಲ್ಲಿ ಸೂಪರ್‌ವೈಸರ್. ಹಗಲೆಲ್ಲಾ ಲಿಫ್ಟು ಅಲುಗದಂತೆ ನೋಡಿಕೊಂಡು, ಸಂಜೆ ಅಲ್ ಅಮೇರಾತಿನ ಮನೆಗೆ ಬಂದು ಬಾಗಿಲ ಚಿಲಕ, ಫ್ಯಾನಿನ ರೆಕ್ಕೆ, ಕುಕ್ಕರಿನ ಹಿಡಿ ಅಂತ ಶುರುಮಾಡುತ್ತಾನೆ. ನಿಮ್ಮ ಕೈಗೊಂದು ಮೂಗುದಾರ ಹಾಕಬೇಕು ಎಂದು ಹೆಂಡತಿ ಲಲಿತಮ್ಮ ಬೈಯುವುದುಂಟು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯವರ ಕೈಯಿಂದ ಆಗುವ ಅನಾಹುತವನ್ನು ಬಾಯಿತುಂಬ ಬೈಯಲೂ ಆಗುವುದಿಲ್ಲ ನೋಡಿ, ಅದೇ ಕಷ್ಟ.

ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಇಸ್ಮಾಯಿಲ್ ಬ್ಯಾರಿಗಳಿದ್ದರು. ಉಪ್ಪಿನಂಗಡಿಯವರು. ರೂವಿಯಲ್ಲಿ ಪಾತ್ರೆ, ಬಕೆಟು, ಥರ್ಮಾಸು ಮಾರುವ ಅಂಗಡಿ. ಲಲಿತಮ್ಮನೂ ಮಗಳು ಹಿತಾಳೂ ಇನ್ನೂ ಊರಿನಲ್ಲಿದ್ದ ಕಾಲದಲ್ಲಿ ಚಲುವರಾಜುವಿಗೆ ಟೈಫಾಯ್ಡ್ ಬಂದು ಮಲಗಿದಾಗ, ದಿನಾ ಮೇಲಿನಿಂದ ಗಂಜಿ, ತೆಂಗಿನಕಾಯಿ ಚಟ್ನಿ ತಂದುಕೊಟ್ಟು ಬದುಕಿಸಿದವಳು ಇಸ್ಮಾಯಿಲರ ಹೆಂಡತಿ ಖದೀಜಮ್ಮ. ಅವನು ಅವಳನ್ನು ಖದೀಜಕ್ಕ ಎಂದೇ ಕರೆಯುತ್ತಿದ್ದ. ಸ್ವಂತ ಅಕ್ಕ ಇರಲಿಲ್ಲ ಅವನಿಗೆ. ಖದೀಜಕ್ಕ ಎರಡು ವರ್ಷದ ಹಿಂದೆ ಮಧ್ಯಾಹ್ನ ಊಟ ಬಡಿಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು, ಮತ್ತೆ ಏಳಲಿಲ್ಲ. ಅಮೇರಾತಿನ ಬೋಳು ಗುಡ್ಡದ ಕೆಳಗಿನ ದೊಡ್ಡ ಕಬರಸ್ಥಾನದಲ್ಲೇ ಅವಳನ್ನು ಮಣ್ಣು ಮಾಡಿದರು.

ಒಬ್ಬಳೇ ಮಗಳು ಜಸೀಲಾ ಆಗ ಊರಿನಲ್ಲಿ ತುಂಬು ಬಸುರಿ. ವಿಮಾನ ಹತ್ತಬೇಡ ಎಂದರು ಡಾಕ್ಟರು. ಉಮ್ಮನ ಮುಖವನ್ನು ಅವಳು ನೋಡಿದ್ದು ಮೊಬೈಲಿನಲ್ಲಿ, ಅದೂ ನೆಟ್‌ವರ್ಕ್ ಸಿಕ್ಕಿದಷ್ಟು ಹೊತ್ತು. ಆ ಸಂಕಟಕ್ಕೆ ಏನು ಮಾಡುವುದೆಂದು ತೋಚದೆ, ಮನೆಯ ಹಿತ್ತಲಲ್ಲಿ ಉಮ್ಮ ಬಟ್ಟೆ ಒಗೆಯುತ್ತಿದ್ದ ಜಾಗದಿಂದ ಒಂದು ಚಪ್ಪಟೆ ಕೆಂಪು ಮುರಕಲ್ಲಿನ ತುಂಡು ತೆಗೆದು, ಮಸ್ಕತ್ತಿಗೆ ಹೊರಟಿದ್ದ ನೆಂಟರೊಬ್ಬರ ಪೆಟ್ಟಿಗೆಯಲ್ಲಿಟ್ಟು ಕಳಿಸಿದಳು. ಉಪ್ಪಿನಕಾಯಿ, ಹಪ್ಪಳ ಸಿಗುವ ಪೆಟ್ಟಿಗೆಯಲ್ಲಿ ಕಲ್ಲು ಸಿಕ್ಕಿದ್ದು ನೋಡಿ ಏರ್‌ಪೋರ್ಟಿನವರು ಅದನ್ನು ನಾಲ್ಕು ಸಲ ತಿರುಗಿಸಿ ಮುರುಗಿಸಿ ನೋಡಿದರಂತೆ. ಇಸ್ಮಾಯಿಲರು ಆ ಕಲ್ಲನ್ನು ಹೆಂಡತಿಯ ಕಬರಿನ ಮೇಲಿಟ್ಟರು. ಅಲ್ಲಿ ಯಾವ ಕಬರಿಗೂ ಹೆಸರಿಲ್ಲ, ಕಟ್ಟೆಯಿಲ್ಲ. ಜಲ್ಲಿಯ ದಿಬ್ಬ, ಅದರ ಮೇಲೆ ನೆಟ್ಟ ಬೂದು ಕಲ್ಲು, ಅಷ್ಟೇ. ಕಣ್ಣು ಹಾಯುವವರೆಗೂ ಬೂದಿಯ ಬಣ್ಣ. ಅದರಲ್ಲಿ ಒಂದೇ ಒಂದು ಕೆಂಪು ಕಲ್ಲು, ಖದೀಜಕ್ಕನದು.

ಇಸ್ಮಾಯಿಲರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಸುಕು. ಶುಕ್ರವಾರ ಶುಕ್ರವಾರ ಹೋಗುತ್ತಿದ್ದವರು ಕೆಂಪನ್ನು ನಂಬಿಕೊಂಡೇ ಹೋಗುತ್ತಿದ್ದರು. ಮಂಡಿನೋವು ಜೋರಾದ ಮೇಲೆ ಆರೇಳು ತಿಂಗಳಿಂದ ಅದೂ ನಿಂತಿತ್ತು. ಅಷ್ಟರಲ್ಲಿ ವೀಸಾಕ್ಕೂ ಅಂಗಡಿಗೂ ಹೆಸರು ಕೊಟ್ಟಿದ್ದ ಹಳೆಯ ಒಮಾನಿ ಕಫೀಲ್ ತೀರಿಕೊಂಡು, ಅವರ ಮಗ ಅಫ್ವಾನ್ ಅಂಗಡಿ ಮುಂದುವರಿಸುವುದು ಬೇಡ ಎಂದ. ಕೆಟ್ಟವನೇನಲ್ಲ, ಖರ್ಜೂರ, ಕಾಫಿ ಕೊಟ್ಟು ಕೂರಿಸಿ ತಲೆ ತಗ್ಗಿಸಿಕೊಂಡೇ ಖಲಾಸ್ ಎಂದ. ಖರ್ಜೂರ ಕೊಟ್ಟು ಹೇಳಿದರೂ ಖಲಾಸ್ ಎಂದರೆ ಖಲಾಸೇ. ವೀಸಾ ರದ್ದಾಗುವ ಮೊದಲು ಇಸ್ಮಾಯಿಲರಿಗೆ ಒಂದೇ ಒಂದು ಆಸೆ ಇತ್ತು, ಜಸೀಲಾಳನ್ನು ಕರೆಸಿ ಅವಳ ಉಮ್ಮನ ಕಬರು ತೋರಿಸುವುದು. ಊರಿಗೆ ಹೋದ ಮೇಲೆ ಇತ್ತ ಬರಲು ಅವರಿಗೂ ಆಗದು, ಅವಳಿಗೂ ಆಗದು.

"ಈಗ ಕೆಂಪು ಕೂಡ ಸರಿ ಕಾಣುದಿಲ್ಲ ರಾಜಣ್ಣ," ಎಂದರು ಒಂದು ದಿನ ಚಲುವರಾಜುವಿಗೆ, ಅಂಗಡಿಯ ಸಾಮಾನು ಪ್ಯಾಕ್ ಮಾಡುತ್ತ. "ಮಗಳನ್ನು ಕರ್ಕೊಂಡು ಹೋಗಿ ಅಲ್ಲಿ ಹುಡುಕ್ತಾ ನಿಂತ್ರೆ ಅವಳು ಎಂಥ ಎಣಿಸ್ಲಿಕ್ಕಿಲ್ಲ? ಉಪ್ಪನಿಗೆ ಉಮ್ಮ ಎಲ್ಲಿ ಅಂತಲೇ ಗೊತ್ತಿಲ್ಲ ಅಂತ."

ಈ ಮಾತು ಚಲುವರಾಜುವಿನ ಹೊಟ್ಟೆಯೊಳಗೆ ಕೂತುಬಿಟ್ಟಿತು.

ಅದೇ ದಿನ ಅವನ ಕೈಗೆ ಸಿಪಾಯಿ ಸಿಕ್ಕಿದ್ದು. ಕೆಲವು ವರ್ಷಗಳ ಹಿಂದೆ ಚೀನಾದಿಂದ ಥರ್ಮಾಸಿನ ಜೊತೆ ತಪ್ಪಿ ಬಂದ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಮಣ್ಣಿನ ಬೊಂಬೆಗಳಿದ್ದವು. ಎರಡಡಿ ಎತ್ತರ, ತಲೆಯ ಮೇಲೆ ಓರೆಯಾಗಿ ಕಟ್ಟಿದ ಜುಟ್ಟು, ಮೈಮೇಲೆ ಚೌಕ ಚೌಕದ ಕವಚ. ಬೊಂಬೆ ಮಾರುವುದು ಇಸ್ಮಾಯಿಲರಿಗೆ ಮನಸ್ಸಿಗೆ ಬರಲಿಲ್ಲ, ಇದ್ದಬದ್ದದ್ದನ್ನು ಒಂದು ಚೈನೀಸ್ ಹೋಟೆಲಿನವರಿಗೆ ಸುಮ್ಮನೆ ಕೊಟ್ಟರು. ಕಿವಿ ಮುರಿದ ಒಂದನ್ನು ಅವರೂ ಬೇಡವೆಂದರು. ಅದನ್ನು ಇಸ್ಮಾಯಿಲರು ಗೋದಾಮಿನಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರೆ, ಊಟದ ಡಬ್ಬಿ ತರುತ್ತಿದ್ದ ಖದೀಜಕ್ಕ ಬಂದಾಗಲೆಲ್ಲ ಅದರ ಮುಖ ಈಚೆ ತಿರುಗಿಸಿ, ಸೆರಗಿನಲ್ಲಿ ಧೂಳು ಒರೆಸಿ ಹೋಗುತ್ತಿದ್ದಳು. ಊರಿನಲ್ಲಿರುವ ತನ್ನ ಅಣ್ಣ ಮಮ್ಮದ್ ಸಿಟ್ಟು ಬಂದಾಗ ಥೇಟ್ ಹೀಗೇ ಮೂತಿ ಮಾಡುತ್ತಾನೆ ಎಂದು ನಗುತ್ತಿದ್ದಳು. ಪಾಪ, ಅಷ್ಟು ದೂರದಿಂದ ಬಂದವನನ್ನು ಗೋಡೆ ನೋಡಿಕೊಂಡು ನಿಲ್ಲು ಎಂದರೆ ಹೇಗೆ ಎಂಬುದು ಅವಳ ವಾದ.

ಬೇಕಾದರೆ ತೆಗೆದುಕೊಂಡು ಹೋಗಿ ಎಂದು ಇಸ್ಮಾಯಿಲರು ಅದನ್ನು ಚಲುವರಾಜುವಿಗೆ ಕೊಟ್ಟರು. ಮನೆಗೆ ತಂದರೆ ಹಿತಾ ನೋಡಿದವಳೇ, "ಪಪ್ಪಾ, ದಿಸ್ ಈಸ್ ನಾಟ್ ಎ ಡಾಲ್. ಇದು ಟೂಮ್ ಗಾರ್ಡ್," ಎಂದಳು. ಇಂಡಿಯನ್ ಸ್ಕೂಲಿನಲ್ಲಿ ಪಾಠ ಆಗಿತ್ತಂತೆ. ಚೀನಾದ ಮೊದಲ ಚಕ್ರವರ್ತಿ ತಾನು ಸತ್ತ ಮೇಲೆ ಕಾವಲಿಗಿರಲಿ ಎಂದು ಆಳೆತ್ತರದ ಮಣ್ಣಿನ ಸೈನ್ಯವನ್ನೇ ಮಾಡಿಸಿ ಗೋರಿಯ ಪಕ್ಕದಲ್ಲಿ ಹೂಳಿಸಿದನಂತೆ. ಸಾವಿರಾರು ಸಿಪಾಯಿಗಳು, ಒಬ್ಬನ ಮುಖದ ಹಾಗೆ ಇನ್ನೊಬ್ಬನದಿಲ್ಲ. ಎರಡು ಸಾವಿರ ವರ್ಷ ಯಾರಿಗೂ ಗೊತ್ತಾಗದೆ ನಿಂತೇ ಇದ್ದರಂತೆ. ಇದು ಅದರ ನಕಲು. ಹಾಗಾದರೆ ಮುಷ್ಟಿ ಯಾಕೆ ಖಾಲಿ ಎಂದು ಚಲುವರಾಜು ಕೇಳಿದ. ಸಿಪಾಯಿಯ ಬಲಗೈ ಏನನ್ನೋ ಹಿಡಿದಂತೆ ಮುಚ್ಚಿತ್ತು, ನಡುವೆ ತೂತು, ಒಳಗೆ ಏನೂ ಇಲ್ಲ. ಈಟಿ ಇತ್ತು, ಮರದ ಹಿಡಿ ಮಣ್ಣಲ್ಲಿ ಕೊಳೆತುಹೋಯಿತು, ಒಂದಷ್ಟನ್ನು ಕಳ್ಳರು ಕದ್ದರು ಎಂದಳು ಮಗಳು. ಲಲಿತಮ್ಮ ಸೌಟು ಹಿಡಿದುಕೊಂಡೇ ಈಚೆ ಬಂದಳು.

"ತನ್ನ ಕೈಲಿರೋ ಕೋಲನ್ನೇ ಕಾಪಾಡ್ಕೊಳ್ಳೋಕಾಗ್ದೆ ಇರೋನು ರಾಜನ್ನೇನ್ರೀ ಕಾಯ್ತಾನೆ? ಗೋರಿ ಕಾಯೋ ಬೊಂಬೆ ಮನೆಯೊಳಗೆ ಬೇಡ. ಈಚೆ ಇಡಿ."

ಸಿಪಾಯಿ ಕಾರಿನ ಡಿಕ್ಕಿಗೆ ಹೋದ. ತಿರುವಿನಲ್ಲೆಲ್ಲ ಅವನು ಡಿಕ್ಕಿಯೊಳಗೆ ಉರುಳುವ ಸದ್ದು ಕೇಳಿ ಕೇಳಿ ಚಲುವರಾಜುವಿನ ತಲೆಯೂ ಉರುಳಲು ಶುರುವಾಯಿತು. ಅವನ ಊರಿನ ಕೆರೆ ಏರಿಯ ಪಕ್ಕ ಒಂದು ವೀರಗಲ್ಲಿದೆ. ಯಾರೋ ಯಾವ ಕಾಲದಲ್ಲೋ ದನ ಬಿಡಿಸಿಕೊಳ್ಳಲು ಹೋಗಿ ಸತ್ತವನು, ಕತ್ತಿ ಹಿಡಿದು ಕಲ್ಲಿನಲ್ಲಿ ನಿಂತಿದ್ದಾನೆ. ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಆ ಕಲ್ಲಿದೆ ಎಂಬ ಕಾರಣಕ್ಕೆ ಆ ಮೂಲೆಯನ್ನು ಇವತ್ತಿಗೂ ಯಾರೂ ಉತ್ತಿಲ್ಲ. ಸತ್ತವರ ತಲೆಯ ಹತ್ತಿರ ಒಂದು ಆಕಾರ ನಿಂತಿದ್ದರೆ ಅದು ಗೌರವ ಎಂದು ಹಾಲಿನ ಜೊತೆ ಕುಡಿದು ಬೆಳೆದವನು ಅವನು. ಇಸ್ಮಾಯಿಲಣ್ಣನ ಮಸುಕು ಕಣ್ಣಿಗೆ ಅಂಗೈಯಗಲದ ಕಲ್ಲು ಕಾಣದೇ ಹೋಗಬಹುದು, ಎರಡಡಿಯ ಸಿಪಾಯಿ ಕಾಣದೇ ಇರುತ್ತಾನೆಯೇ? ಅಲ್ಲದೆ ಖದೀಜಕ್ಕನೇ ಧೂಳು ಒರೆಸಿದ ಸಿಪಾಯಿ. ಇವರೆಲ್ಲ ಹೋದ ಮೇಲೆ ಅವಳ ಜೊತೆಗೊಬ್ಬ ಬೇಡವೇ? ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಆ ಜಾತಿ.

ಜಸೀಲಾ ಬರುವ ಹಿಂದಿನ ವಾರ ಕೆಲಸಕ್ಕೆಂದು ಸೂರ್ ಪಟ್ಟಣಕ್ಕೆ ಹೊರಟವನು, ದಾರಿಯಲ್ಲಿ ಕಬರಸ್ಥಾನದ ಹತ್ತಿರ ಕಾರು ನಿಲ್ಲಿಸಿದ. ಉರಿಬಿಸಿಲು, ನರಪಿಳ್ಳೆ ಇರಲಿಲ್ಲ. ಸಿಪಾಯಿಯನ್ನು ಮಗುವಿನಂತೆ ಎತ್ತಿಕೊಂಡು ಕೆಂಪು ಕಲ್ಲನ್ನು ಹುಡುಕಿ ನಡೆದ. ಸಿಕ್ಕಿತು. ನಿಲ್ಲಿಸಿದ. ಜಲ್ಲಿಯ ಮೇಲೆ ಸಿಪಾಯಿ ವಾಲಿದ. ಸರಿಮಾಡಿದ, ಮತ್ತೆ ವಾಲಿದ. ಇನ್ನು ಕೇಳಬೇಕೆ? ಅಲ್ಲಾಡುವುದನ್ನು ಹಾಗೇ ಬಿಟ್ಟು ಹೋದರೆ ಅವನು ಚಲುವರಾಜು ಹೇಗಾದಾನು? ಸುತ್ತ ನೋಡಿದ. ಚಪ್ಪಟೆಯಾಗಿ, ಹೇಳಿ ಮಾಡಿಸಿದ ಹಾಗಿದ್ದದ್ದು ಆ ಮುರಕಲ್ಲೊಂದೇ. ಕಿತ್ತು, ಗುಂಡಿ ತೋಡಿ ಅಡಿಗೆ ಹಾಕಿ, ಮೇಲೆ ಸಿಪಾಯಿಯನ್ನು ಕೂರಿಸಿ, ಸುತ್ತ ಜಲ್ಲಿ ಬಿಗಿದ. ಕಲ್ಲು ಎಲ್ಲಿಗೂ ಹೋಗಿಲ್ಲವಲ್ಲ, ಅಲ್ಲೇ ಕೆಳಗಿದೆ ಎಂದುಕೊಂಡ. ಬೆರಳಿನಿಂದ ತಳ್ಳಿ ನೋಡಿದ. ಸಿಪಾಯಿ ಅಲುಗಲಿಲ್ಲ. ಖದೀಜಕ್ಕ, ಮಮ್ಮದಣ್ಣ ಬಂದವ್ನೆ ನೋಡು ಎಂದು ಮನಸ್ಸಿನಲ್ಲೇ ಹೇಳಿ, ಕಣ್ಣೊರೆಸಿಕೊಂಡು ಸೂರಿನ ದಾರಿ ಹಿಡಿದ. ಜಾಗದ ಗುರುತು ಬೇರೆ ಇಟ್ಟುಕೊಳ್ಳಲಿಲ್ಲ, ಸಿಪಾಯಿಗಿಂತ ದೊಡ್ಡ ಗುರುತು ಯಾವುದು?

ಜಸೀಲಾ ಬಂದಳು. ಶುಕ್ರವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಚಲುವರಾಜುವೇ ತನ್ನ ಕಾರಿನಲ್ಲಿ ತಂದೆ ಮಗಳನ್ನು ಕರೆದುಕೊಂಡು ಹೊರಟ. ಏನೂ ಹೇಳಲಿಲ್ಲ, ಹೋಗಿ ನೋಡಲಿ ಎಂದು ಒಳಗೊಳಗೇ ಹಿಗ್ಗುತ್ತಿದ್ದ. ಹೆಂಗಸರು ಕಬರಸ್ಥಾನದೊಳಗೆ ಕಾಲಿಡುವ ವಾಡಿಕೆ ಇಸ್ಮಾಯಿಲರ ಮನೆತನದಲ್ಲಿಲ್ಲ. ಹಾಗಾಗಿ ಜಸೀಲಾ ಹೊರಗೆ, ಮೋಟು ಗೋಡೆಯ ಪಕ್ಕದ ಎಲಚಿ ಮರದ ನೆರಳಿನಲ್ಲಿ ನಿಂತಳು. ಅಲ್ಲಿಂದಲೇ ನೋಡುತ್ತೇನೆ, ಯಾವುದು ಎಂದು ಉಪ್ಪ ಕೈ ತೋರಿಸಿದರೆ ಸಾಕು ಎಂದಳು. ಗಂಡಸರಿಬ್ಬರು ಒಳಗೆ ಹೋದರು.

ಸಿಪಾಯಿ ಇರಲಿಲ್ಲ.

ಚಲುವರಾಜು ಸಾಲು ತಪ್ಪಿರಬಹುದೆಂದು ಪಕ್ಕದ ಸಾಲಿಗೆ ಹೋದ, ಅದರ ಪಕ್ಕದ್ದಕ್ಕೆ ಹೋದ. ಎಲ್ಲ ಒಂದೇ. ಇಸ್ಮಾಯಿಲರು ಬಗ್ಗಿ ಬಗ್ಗಿ ಕೆಂಪು ಹುಡುಕುತ್ತಿದ್ದರು. ಅವರನ್ನು ನೋಡಿ ಅಲ್ಲಿನ ಕಾವಲಿನವನು, ಪೇಶಾವರದ ಕಡೆಯ ಮುದುಕ, ಹತ್ತಿರ ಬಂದು ಸಲಾಂ ಹೇಳಿ ಏನು ಹುಡುಕುತ್ತಿದ್ದೀರಿ ಎಂದು ಉರ್ದುವಿನಲ್ಲಿ ವಿಚಾರಿಸಿದ. ಕೆಂಪು ಕಲ್ಲೇ? ಗೊತ್ತಿಲ್ಲ. ಆದರೆ ಈ ವಾರ ಇಲ್ಲಿ ದೊಡ್ಡ ಗಲಾಟೆಯೇ ಆಯಿತು ಸಾಹೇಬ್ ಎಂದ. ಯಾರೋ ಪಾಪಿ ಒಂದು ಕಬರಿನ ಮೇಲೆ ಬುತ್ ನಿಲ್ಲಿಸಿ ಹೋಗಿದ್ದ, ಬುತ್ ಎಂದರೆ ವಿಗ್ರಹ. ಮಣ್ಣು ಕೊಡಲು ಬಂದ ಜನ ನೋಡಿ, ಮಾಟವೋ ಮಂತ್ರವೋ ಎಂದು ಹೆದರಿದರು. ಕಿತ್ತು ಒಡೆದು ಮೂಲೆಗೆ ಎಸೆದರು. ಇನ್ನೂ ಏನೇನು ಹೂತಿದ್ದಾರೋ ಎಂದು ಈ ಕಡೆಯನ್ನೆಲ್ಲ ಕೆದಕಿ ನೋಡಿ, ಮತ್ತೆ ಜಲ್ಲಿ ಹರಡಿ ಒಂದೇ ಸಮ ಮಾಡಿದರು. ಯಾವ ಕಬರಿನ ಮೇಲಿತ್ತು ಎಂದು ಇಸ್ಮಾಯಿಲರು ಕೇಳಿದ್ದಕ್ಕೆ, ತಾನು ಆವತ್ತು ರಜೆಯಲ್ಲಿದ್ದೆ, ಈ ಸಾಲು ಎಂದಷ್ಟೇ ಗೊತ್ತು ಎಂದ.

ಇಸ್ಮಾಯಿಲರು ಕಿವಿ ಮುಟ್ಟಿಕೊಂಡರು. "ಯಾರ ಕಬರೋ, ಪಾಪ," ಎಂದರು. "ಮನೆಯವರಿಗೆ ಗೊತ್ತಾದ್ರೆ ಎಷ್ಟು ಬೇಜಾರಾಗ್ಲಿಕ್ಕಿಲ್ಲ ರಾಜಣ್ಣ?"

ಚಲುವರಾಜುವಿನ ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮುದುಕ ಹೋದ ಮೇಲೆ ಇಸ್ಮಾಯಿಲರು ಒಂದು ಉಪಾಯ ಹೇಳಿದರು. ಈ ದೇಶದಲ್ಲಿ ಗಂಡಸಿನ ಕಬರಿಗೆ ಎರಡು ಕಲ್ಲು ನೆಡುತ್ತಾರೆ, ತಲೆಗೊಂದು, ಕಾಲಿಗೊಂದು. ಹೆಂಗಸಿನದಾದರೆ ನಡುವೆ ಇನ್ನೊಂದು, ಒಟ್ಟು ಮೂರು. ಖದೀಜಳ ನಡುವಿನ ಕಲ್ಲು ತೆಗೆದು ಆ ಜಾಗದಲ್ಲೇ ತಾನು ಮುರಕಲ್ಲು ನೆಟ್ಟದ್ದು. ಮೇಲೆ ಧೂಳು ಕೂತು ಕೆಂಪು ಮುಚ್ಚಿರಬಹುದು. ಎರಡು ಕಲ್ಲಿನವನ್ನೆಲ್ಲ ಬಿಟ್ಟುಬಿಡಿ, ಮೂರು ಕಲ್ಲಿನವನ್ನು ಮಾತ್ರ ನೋಡುತ್ತ ಹೋಗಿ.

ಆಗ ಗೊತ್ತಾಯಿತು ಅವನಿಗೆ, ತಾನು ಮಾಡಿದ್ದೇನು ಎಂದು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರೂ ಕೈಯಲ್ಲಿ ದೇವರಾದರೂ ಉಳಿಯುತ್ತಾನೆ. ಇವನು ಒಂದು ಹೆಣ್ಣು ಜೀವದ ಕೊನೆಯ ಗುರುತನ್ನೇ ಕಿತ್ತು ಬೊಂಬೆಯ ಕಾಲಡಿಗೆ ಹಾಕಿದ್ದ. ಈಗ ಖದೀಜಕ್ಕ ಇರುವುದು ಎರಡು ಕಲ್ಲಿನ ಕೆಳಗೆ, ಗೊತ್ತಿಲ್ಲದ ಗಂಡಸರ ಸಾಲಿನಲ್ಲಿ, ಗಂಡಸಿನ ಗುರುತಿನಲ್ಲಿ.

ಅವನು ಮುದುಕ ಹೇಳಿದ ಮೂಲೆಗೆ ಹೋದ. ಒಡೆದ ಬಕೆಟು, ಪ್ಲಾಸ್ಟಿಕ್ ಬಾಟಲಿಗಳ ನಡುವೆ ಮಣ್ಣಿನ ಚೂರುಗಳಿದ್ದವು. ಕಿವಿ ಮುರಿದ ತಲೆ ಮೇಲ್ಮುಖವಾಗಿ ಬಿದ್ದಿತ್ತು, ಮೂತಿಯ ಸಿಟ್ಟು ಹಾಗೇ ಇತ್ತು. ಮುಷ್ಟಿ ಬೇರೆ ಬಿದ್ದಿತ್ತು. ಅದರ ಪಕ್ಕದಲ್ಲೇ ಉಪ್ಪಿನಂಗಡಿಯ ಕಲ್ಲು. ಅವನು ಕಲ್ಲೆತ್ತಿ ಅಂಗಿಯಲ್ಲಿ ಒರೆಸಿ, ಇಸ್ಮಾಯಿಲರ ಮುಂದೆ ಬಂದು ಎರಡೂ ಕೈಯಲ್ಲಿ ಹಿಡಿದು ನಿಂತ.

"ನಾನೇ ಅಣ್ಣ," ಎಂದ. "ಆ ಬೊಂಬೆ ಇಟ್ಟೋನು ನಾನೇ. ನಿಮ್ಮ ಕಣ್ಣಿಗೆ ಕಾಣ್ಲಿ ಅಂತ. ಅಕ್ಕಂಗೆ ಜೊತೆ ಇರ್ಲಿ ಅಂತ. ಅದು ಅಲ್ಲಾಡ್ತಿತ್ತು, ಅದ್ಕೆ ಈ ಕಲ್ಲು ತೆಗ್ದು..."

ಅತ್ತುಬಿಟ್ಟ. ಇಸ್ಮಾಯಿಲರು ಬೈದಿದ್ದರೆ, ಕೆನ್ನೆಗೆ ಎರಡು ಬಿಗಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕಲ್ಲನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದರು. ಆಮೇಲೆ, ಯಾವುದು ಎಂದು ಮೆಲ್ಲಗೆ ಕೇಳಿದರು. ಚಲುವರಾಜು ಸಾಲಿನುದ್ದಕ್ಕೂ ನಡೆದ. ಎರಡು ಕಲ್ಲಿನ ಕಬರುಗಳು, ಎಲ್ಲದರ ಮೇಲೂ ಹೊಸ ಜಲ್ಲಿ, ದಿಬ್ಬ ಎಲ್ಲಿ ಮುಗಿಯಿತು, ದಾರಿ ಎಲ್ಲಿ ಶುರುವಾಯಿತು ಎನ್ನುವುದೂ ತಿಳಿಯದು. ಮೊಬೈಲಿನ ಮ್ಯಾಪ್ ತೆಗೆದ. ನೀಲಿ ಚುಕ್ಕೆ ಇಡೀ ಸಾಲನ್ನೇ ಮುಚ್ಚಿಕೊಂಡು ಕೂತಿತ್ತು. ಇದಿರಬಹುದು, ಅದಿರಬಹುದು, ಇಲ್ಲ ಅದರಾಚೆಯದು. ಎಷ್ಟು ಕಣ್ಣು ಕಿರಿದು ಮಾಡಿದರೂ ನಾಲ್ಕೈದರಲ್ಲಿ ಒಂದು ಎನ್ನುವುದಕ್ಕಿಂತ ಮುಂದೆ ಹೋಗಲಾಗಲಿಲ್ಲ.

ಗೋಡೆಯಾಚೆಯಿಂದ ಜಸೀಲಾ ಉಪ್ಪಾ ಎಂದು ಕರೆದಳು. ಸಿಕ್ಕಿತೇ ಎಂದು ಕೇಳಿದಳು. ಆಚೆ ಈಚೆ ಬೋಳು ಗುಡ್ಡ, ಆ ಸ್ವರ ಎರಡು ಸಲ ಕೇಳಿಸಿತು.

ಇಸ್ಮಾಯಿಲರು ಚಲುವರಾಜುವಿನ ತೋಳು ಹಿಡಿದುಕೊಂಡರು. "ಅಲ್ಲಾಹನಿಗೆ ಗೊತ್ತುಂಟು ಅವಳು ಎಲ್ಲಿದ್ದಾಳೆ ಅಂತ," ಎಂದರು. "ಗೊತ್ತಿಲ್ಲದ್ದು ನಮಗೆ ಮಾತ್ರ. ಮಗಳು ಎರಡು ವರ್ಷದಿಂದ ಕಾಯ್ತಾ ಇದ್ದಾಳೆ. ಅವಳಿಗೆ ಹೇಳುದು ಬೇಡ. ಒಂದರ ಮೇಲೆ ಇಡಿ."

ಯಾವುದರ ಮೇಲೆ ಎಂದು ಚಲುವರಾಜು ಕೇಳಿದ.

"ನಿಮ್ಮ ಕೈಗೆ ಬಂದದ್ದರ ಮೇಲೆ. ಇಟ್ಟು ಅಲ್ಲೇ ನಿಲ್ಲಿ. ಇಷ್ಟು ಚಿಕ್ಕ ಕಲ್ಲು ಅಲ್ಲಿಂದ ಅವಳಿಗೆ ಕಾಣುದಿಲ್ಲ, ನೀವು ನಿಂತದ್ದು ಕಾಣ್ತದೆ."

ಅವನು ಇಟ್ಟ. ನಡುವೆ ಇಟ್ಟ. ಕಲ್ಲು ಅಲ್ಲಾಡಿತು. ಇವತ್ತಾದರೂ ಬಿಡೋ ಎಂದು ಮನಸ್ಸು ಹೇಳುತ್ತಿತ್ತು, ಹಾಳು ಕೈ ಕೇಳಬೇಕಲ್ಲ. ಎರಡು ಹರಳು ಹೆಕ್ಕಿ ಸಂದಿಗೆ ತುರುಕಿ, ಸುತ್ತ ಜಲ್ಲಿ ಒತ್ತಿದ. ಕಲ್ಲು ಗಟ್ಟಿಯಾಗಿ ಕೂತಿತು. ಈ ಕಬರು ಇನ್ಯಾರದೋ ಆಗಿದ್ದರೆ, ಇನ್ನು ಎಂದೆಂದಿಗೂ ಅದು ಖದೀಜಕ್ಕನದೇ. ಖದೀಜಕ್ಕ ಇನ್ಯಾರೋ.

ಇಸ್ಮಾಯಿಲರು ಮಂಡಿ ಹಿಡಿದುಕೊಂಡು ನಿಧಾನಕ್ಕೆ ಗೋಡೆಯ ಕಡೆಗೆ ನಡೆದರು. ಚಲುವರಾಜು ಎದ್ದು ನೆಟ್ಟಗೆ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮುಗಿಯುವ ಹಾಗಿಲ್ಲ, ಕಟ್ಟಿಕೊಳ್ಳುವ ಹಾಗಿಲ್ಲ, ಮುಷ್ಟಿ ಮಾಡಿ ಪಕ್ಕಕ್ಕೆ ಬಿಟ್ಟ. ದೂರದಲ್ಲಿ ಇಸ್ಮಾಯಿಲರು ಮಗಳ ಪಕ್ಕ ನಿಂತು ಇವನ ಕಡೆಗೆ ಕೈ ತೋರಿಸಿದರು. ಜಸೀಲಾ ಗೋಡೆಗೆ ಆತುಕೊಂಡು ನೋಡಿದಳು. ಅವಳ ಭುಜ ಅಲುಗುತ್ತಿದ್ದದ್ದು ಅಷ್ಟು ದೂರಕ್ಕೂ ಕಾಣುತ್ತಿತ್ತು. ಆಮೇಲೆ ಎರಡು ಅಂಗೈ ಎತ್ತಿ ದುಆ ಮಾಡಿದಳು, ನೇರ ಅವನ ಕಡೆಗೇ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಜೇಬಿನಲ್ಲಿ ಫೋನು ಅದುರಿತು. ಇಸ್ಮಾಯಿಲರು.

"ರಾಜಣ್ಣ, ಸ್ವಲ್ಪ ಪಕ್ಕಕ್ಕೆ ನಿಲ್ತೀರಾ? ನೀವು ಅಡ್ಡ ಇದ್ದೀರಿ ಅಂತೆ. ಉಮ್ಮನ ಕಲ್ಲು ಅವಳಿಗೆ ಒಂದು ಸಲ ನೋಡ್ಬೇಕಂತೆ."

ಆಗಲಿ ಅಣ್ಣ ಎಂದ ಚಲುವರಾಜು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎರಡೂ ಕಡೆ ಹೊಸ ಜಲ್ಲಿ, ಎರಡೂ ಕಡೆ ಎರಡೆರಡು ಕಲ್ಲು, ಅದರಲ್ಲಿ ಯಾವುದೋ ಒಂದರ ಕೆಳಗೆ ತನಗೆ ಗಂಜಿ ಕೊಟ್ಟವಳು. ಎತ್ತಿದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಅದನ್ನು ಎತ್ತಿದ ಜಾಗದಲ್ಲೇ ಇಳಿಸಿದ. ಅಲ್ಲಿ ಜಸೀಲಾ ಗೋಡೆಯ ಮೇಲಿಂದ ಬಗ್ಗಿ, ಸ್ವಲ್ಪ ಆಚೆ ಎಂದು ಕೈಸನ್ನೆ ಮಾಡುತ್ತಲೇ ಇದ್ದಳು.